ವರದಿಯಾಗಿ ಉಳಿದ ವಕೀಲೆ

2020ರ ಫೆಬ್ರವರಿ 13, ಗುರುವಾರ. ಕರ್ನಾಟಕ ಬಂದ್‌ಗೆ ಕರೆ ಬಿದ್ದಿತ್ತು. ಬಾವುಟ, ಘೋಷಣೆ, ಮೆರವಣಿಗೆಗೆ ಏನೂ ಕೊರತೆ ಇರಲಿಲ್ಲ. ಬೇಡಿಕೆ ಒಂದೇ: ‘ಸರೋಜಿನಿ ಮಹಿಷಿ ವರದಿ ಜಾರಿಯಾಗಲಿ’. ಕರ್ನಾಟಕದ ನೌಕರಿ ಕನ್ನಡಿಗರಿಗೆ ಸಿಗಬೇಕೆಂದ ಆ ವರದಿ ಸರ್ಕಾರದ ಕೈ ಸೇರಿ ಅಷ್ಟೊತ್ತಿಗೆ ಮೂವತ್ತಮೂರು ವರ್ಷ ದಾಟಿತ್ತು. ಬರೆದಾಕೆ ತೀರಿಕೊಂಡು ಐದು ವರ್ಷವಾಗಿತ್ತು. ಘೋಷಣೆ ಕೂಗುತ್ತಿದ್ದ ಎಷ್ಟೋ ಹುಡುಗರು ವರದಿ ಬಂದಾಗ ಹುಟ್ಟಿಯೇ ಇರಲಿಲ್ಲ.

ಕನ್ನಡದಲ್ಲಿ ಕೆಲವರ ಹೆಸರಿಗೆ ಈ ಗತಿ ಬಂದಿದೆ. ನಂಜುಂಡಪ್ಪ ಎಂದರೆ ವರದಿ, ಹಾವನೂರು ಎಂದರೆ ವರದಿ, ಮಹಿಷಿ ಎಂದರೂ ವರದಿಯೇ. ಮನುಷ್ಯರು ಸವೆದುಹೋಗಿ ರಟ್ಟಿನ ಹೊದಿಕೆಯ ಕಡತವಷ್ಟೇ ಉಳಿದುಕೊಂಡಿದೆ. ಮಹಿಷಿಯವರ ಮಟ್ಟಿಗೆ ಇದು ತುಸು ಹೆಚ್ಚೇ ಅನ್ಯಾಯ. ಆ ಕಡತದ ಹಿಂದೆ ಹದಿನೆಂಟು ವರ್ಷ ಲೋಕಸಭೆಯಲ್ಲಿ ಕೂತ ಒಬ್ಬ ವಕೀಲೆ ಇದ್ದಾರೆ, ಕೇಂದ್ರದ ಕಾನೂನು ಖಾತೆಯಲ್ಲಿ ರಾಜ್ಯ ಸಚಿವೆಯಾಗಿದ್ದ ಹೆಂಗಸು ಇದ್ದಾರೆ, ಸಂಸ್ಕೃತ ಓದಿ ಕನ್ನಡದ ಕವಯಿತ್ರಿಯರ ಮೇಲೆ ಸಂಶೋಧನೆ ಮಾಡಿದ ವಿದ್ವಾಂಸೆ ಇದ್ದಾರೆ. ವರದಿ ಏಕೆ ಜಾರಿಯಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರವೂ ಆ ರಾಜಕೀಯ ಬದುಕಿನ ಒಳಗೇ ಇದೆ.

ಸರೋಜಿನಿ ಮಹಿಷಿ ಹುಟ್ಟಿದ್ದು 1927ರ ಮಾರ್ಚಿನಲ್ಲಿ, ಆಗಿನ ಧಾರವಾಡ ಜಿಲ್ಲೆಯಲ್ಲಿ. ಧಾರವಾಡ ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದು. ಶಾಲೆಯ ಆಚೆ ಓದಲು ಎಷ್ಟೋ ಜನ ಪುಣೆ, ಸಾಂಗ್ಲಿ, ಮುಂಬೈ ಕಡೆ ಮುಖ ಮಾಡುತ್ತಿದ್ದ ಕಾಲ. ಅವರೂ ಸಾಂಗ್ಲಿಯ ವಿಲ್ಲಿಂಗ್ಡನ್ ಕಾಲೇಜಿಗೆ ಹೋದರು. ಕಾನೂನು ಓದಿದ್ದು ಬೆಳಗಾವಿಯಲ್ಲಿ. ಸಂಸ್ಕೃತದಲ್ಲಿ ಎಂ.ಎ. ಮಾಡಿಕೊಂಡರು.

ವಕೀಲಿಯಿಂದ ರಾಜಕಾರಣಕ್ಕೆ ಹೋಗುವುದು ಧಾರವಾಡ–ಹುಬ್ಬಳ್ಳಿಯ ಸೀಮೆಯಲ್ಲಿ ಹೊಸ ದಾರಿಯೇನೂ ಅಲ್ಲ. ಏಕೀಕರಣದ ಕನಸು ಬಿತ್ತಿದ ಆಲೂರು ವೆಂಕಟರಾಯರು ಕಾನೂನು ಓದಿ ಧಾರವಾಡದಲ್ಲಿ ವಕೀಲಿಗೆ ಕೂತವರು. ಅತ್ತ ಜಮಖಂಡಿಯಲ್ಲಿ ಬಿ.ಡಿ. ಜತ್ತಿ, ಚಿತ್ರದುರ್ಗದಲ್ಲಿ ನಿಜಲಿಂಗಪ್ಪ, ಹುಬ್ಬಳ್ಳಿಯಲ್ಲಿ ಮುಂದೆ ಎಸ್.ಆರ್. ಬೊಮ್ಮಾಯಿ. ದೇಶದ ಮಟ್ಟಿಗೂ ಹಾಗೆಯೇ. ಮೊದಲ ಲೋಕಸಭೆಯಲ್ಲಿ ಮೂವರಿಗೊಬ್ಬರಿಗಿಂತ ಹೆಚ್ಚು ಸದಸ್ಯರು ವಕೀಲರೇ ಇದ್ದರು. ಕಾರಣ ಸರಳ. ಬೇರೆ ನೌಕರಿಯವನು ಜೈಲಿಗೆ ಹೋದರೆ ನೌಕರಿ ಹೋಗುತ್ತಿತ್ತು. ವಕೀಲ ಜೈಲಿನಿಂದ ಹೊರಬಂದು ಕರಿ ಕೋಟು ಕೊಡವಿ ಮತ್ತೆ ಹಾಕಿಕೊಳ್ಳಬಹುದಿತ್ತು. ಮುದ್ದತ್ತಿನ ದಿನ ಕೋರ್ಟಿನ ಕಟ್ಟೆಯ ಮೇಲೆ ಕೂತ ಕಕ್ಷಿಗಾರರೇ ಚುನಾವಣೆಯಲ್ಲಿ ಊರೂರಿನ ಕಾರ್ಯಕರ್ತರಾಗುತ್ತಿದ್ದರು. ಹೊಲದ ಬದುವಿನ ಜಗಳ ಬಗೆಹರಿಸಿದ ವಕೀಲನಿಗೆ ಆ ಊರಿನ ಎರಡೂ ಓಣಿಯ ಗುಟ್ಟು ಗೊತ್ತಿರುತ್ತಿತ್ತು.

ಆದರೆ ಈ ದಾರಿ ಗಂಡಸರದು. ಹೆಂಗಸರು ವಕೀಲರಾಗಬಹುದು ಎಂದು ಕಾಯಿದೆ ಬಂದದ್ದೇ 1923ರಲ್ಲಿ, ಮಹಿಷಿ ಹುಟ್ಟುವ ನಾಲ್ಕು ವರ್ಷ ಮೊದಲು. ಐವತ್ತರ ದಶಕದ ಉತ್ತರ ಕರ್ನಾಟಕದ ಜಿಲ್ಲಾ ನ್ಯಾಯಾಲಯದಲ್ಲಿ ವಕಾಲತ್ತು ಹಾಕುವ ಹೆಣ್ಣೆಂದರೆ ನೋಡಲು ಜನ ನಿಲ್ಲುವಂಥ ಸಂಗತಿ.

ಧಾರವಾಡ ಉತ್ತರ ಕ್ಷೇತ್ರವನ್ನು 1952 ಮತ್ತು 1957ರಲ್ಲಿ ಗೆದ್ದವರು ಡಿ.ಪಿ. ಕರ್ಮರಕರ. ಅವರೂ ಧಾರವಾಡದ ವಕೀಲರೇ, ನೆಹರೂ ಮಂತ್ರಿಮಂಡಲದಲ್ಲಿ ಆರೋಗ್ಯ ಸಚಿವರು. ಅಂಥವರ ಜಾಗಕ್ಕೆ 1962ರಲ್ಲಿ ಕಾಂಗ್ರೆಸ್ಸು ಮೂವತ್ತೈದರ ಮಹಿಷಿಯನ್ನು ನಿಲ್ಲಿಸಿತು. ಗೆದ್ದರು. ರಾಜ್ಯದಿಂದ ಲೋಕಸಭೆಗೆ ಆರಿಸಿಹೋದ ಮೊದಲ ಮಹಿಳೆ ಎಂಬ ಹೆಸರು ಅವರದಾಯಿತು. ಆಮೇಲೆ 1967, 1971, 1977. ಒಂದೇ ಕ್ಷೇತ್ರದಿಂದ ಸತತ ನಾಲ್ಕು ಸಲ.

ಈ ನಾಲ್ಕು ಗೆಲುವೂ ಒಂದೇ ಥರದವಲ್ಲ. 1967ರಲ್ಲಿ ಕಾಂಗ್ರೆಸ್ಸಿಗೆ ದೇಶದ ತುಂಬ ಪೆಟ್ಟು ಬಿದ್ದಿತ್ತು. ಪಕ್ಕದ ಉತ್ತರ ಕನ್ನಡದಲ್ಲೇ ಮೂರು ಸಲ ಗೆದ್ದಿದ್ದ ವಕೀಲ ಜೋಕಿಂ ಆಳ್ವರ ಕ್ಷೇತ್ರ ಪಕ್ಷೇತರ ದಿನಕರ ದೇಸಾಯಿಯವರ ಪಾಲಾಯಿತು. ಮಹಿಷಿ ಉಳಿದುಕೊಂಡರು. 1969ರಲ್ಲಿ ಪಕ್ಷವೇ ಒಡೆಯಿತು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ನಿಜಲಿಂಗಪ್ಪ. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಅವರ ಜೊತೆ ನಿಂತರು. ಮೈಸೂರು ರಾಜ್ಯದ ಕಾಂಗ್ರೆಸ್ಸಿನ ದೊಡ್ಡ ತಲೆಗಳೆಲ್ಲ ಆ ಕಡೆ. ಮಹಿಷಿ ಈ ಕಡೆ, ಇಂದಿರಾ ಗಾಂಧಿಯವರ ಜೊತೆ ಉಳಿದರು. ಊರಿನ ಹಿರಿಯರ ಮಾತು ಮೀರಿ ಮಾಡಿದ ಈ ಲೆಕ್ಕ ತಪ್ಪಲಿಲ್ಲ. 1971ರಲ್ಲಿ ಇಂದಿರಾ ಕಾಂಗ್ರೆಸ್ಸು ರಾಜ್ಯದ 27ಕ್ಕೆ 27 ಸ್ಥಾನವನ್ನೂ ಬಾಚಿಕೊಂಡಿತು.

ದೆಹಲಿಯಲ್ಲಿ ಅವರಿಗೆ ಮೊದಲು ಸಿಕ್ಕ ದೊಡ್ಡ ಕೆಲಸ ಕರಣ್ ಸಿಂಗ್ ಸಚಿವರಾಗಿದ್ದ ಪ್ರವಾಸೋದ್ಯಮ ಮತ್ತು ನಾಗರಿಕ ವಿಮಾನಯಾನ ಖಾತೆಯಲ್ಲಿ. ಸದನದ ಕಡತಗಳಲ್ಲಿ ಅವರ ಮಾತು ಹೆಚ್ಚಾಗಿ ಪ್ರಶ್ನೋತ್ತರದ ರೂಪದಲ್ಲಿ ಸಿಗುತ್ತದೆ: ವಿಮಾನ ನಿಲ್ದಾಣ, ವಿಮಾನ ವಿಳಂಬ, ಪ್ರವಾಸಿ ಬಂಗಲೆ. ಇದರ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ. ಆಮೇಲೆ ಅವರು ಹೋದ ಖಾತೆಯದೇ ಮುಖ್ಯ ಕಥೆ: ಕಾನೂನು, ನ್ಯಾಯ ಮತ್ತು ಕಂಪನಿ ವ್ಯವಹಾರ. ಸಂಪುಟ ಸಚಿವರು ಎಚ್.ಆರ್. ಗೋಖಲೆ, ಅವರ ಕೈಕೆಳಗೆ ರಾಜ್ಯ ಸಚಿವೆ ಮಹಿಷಿ.

ಆ ವರ್ಷಗಳಲ್ಲಿ ಆ ಖಾತೆಯೊಳಗೆ ಇರುವುದೆಂದರೆ ಸುಮ್ಮನೆ ಮಾತಲ್ಲ. 1974ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಮರನಾಥ ಚಾವ್ಲಾ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕು ಎಂದಿತು. ತಿಂಗಳು ತುಂಬುವುದರೊಳಗೆ ಸರ್ಕಾರ ಸುಗ್ರೀವಾಜ್ಞೆ ತಂದು ಆ ತೀರ್ಪನ್ನು ನಿಷ್ಫಲ ಮಾಡಿತು. 1975ರ ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟು ಪ್ರಧಾನಿಯ ಆಯ್ಕೆಯನ್ನೇ ರದ್ದು ಮಾಡಿತು. ಜೂನ್ 25ಕ್ಕೆ ತುರ್ತು ಪರಿಸ್ಥಿತಿ. ಆಗಸ್ಟಿನಲ್ಲಿ ಸಂವಿಧಾನದ 39ನೇ ತಿದ್ದುಪಡಿ. ಪ್ರಧಾನಿಯ ಆಯ್ಕೆಯನ್ನು ಯಾವ ಕೋರ್ಟೂ ಮುಟ್ಟುವ ಹಾಗಿಲ್ಲ ಎಂಬುದು ಅದರ ಸಾರ. ಇದೆಲ್ಲ ಸಿದ್ಧವಾಗಿದ್ದು ಕಾನೂನು ಖಾತೆಯ ಮೇಜುಗಳ ಮೇಲೆ. ಕರಡಿನ ಎಷ್ಟು ಸಾಲು ಯಾರ ಕೈಯವು ಎಂಬುದು ಬೇರೆ ವಿಚಾರ. ಆದರೆ ಕೋರ್ಟಿನಲ್ಲಿ ಗೆಲ್ಲಲಾಗದ ದಾವೆಯನ್ನು ಕಾಯಿದೆ ತಿದ್ದಿ ಗೆಲ್ಲುವುದು ಹೇಗೆಂದು ಅಷ್ಟು ಹತ್ತಿರದಿಂದ ಕಂಡ ಕನ್ನಡದ ವಕೀಲರು ಹೆಚ್ಚು ಜನ ಇಲ್ಲ. ಮಹಿಷಿಯವರ ಮೇಲೆ ಬರುವ ಶ್ರದ್ಧಾಂಜಲಿಗಳು ಈ ಅಧ್ಯಾಯವನ್ನು ಎರಡು ಸಾಲಿನಲ್ಲಿ ದಾಟಿಬಿಡುತ್ತವೆ. ದಾಟಬಾರದು.

1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟು ಕೈ ಹಿಡಿಯಿತು. ಮಹಿಷಿ ನಾಲ್ಕನೆಯ ಸಲ ಗೆದ್ದರು. ಮೊದಲ ಸಲ ವಿರೋಧ ಪಕ್ಷದ ಸಾಲಿನಲ್ಲಿ ಕೂತರು. 1980ರಲ್ಲಿ ಕ್ಷೇತ್ರ ಇಂದಿರಾ ಕಾಂಗ್ರೆಸ್ಸಿನ ಡಿ.ಕೆ. ನಾಯ್ಕರ್ ಪಾಲಾಯಿತು. ಇಂದಿರಾ ಅವರಿಂದ ದೂರ ಸರಿದಿದ್ದ ಮಹಿಷಿ ಜನತಾ ಪಕ್ಷದ ಕಡೆ ಬಂದರು. ಎಂಬತ್ತರ ದಶಕದಲ್ಲಿ ರಾಜ್ಯಸಭೆಗೂ ಹೋದರು. ಸಾರ್ವಜನಿಕ ಜೀವನ ಇಲ್ಲಿಗೆ ಮುಗಿದಿದ್ದರೆ ಹಳೆಯ ಸಂಸದರ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯುತ್ತಿದ್ದರು.

ಹಾಗಾಗದಿದ್ದುದಕ್ಕೆ ಕಾರಣ ಧಾರವಾಡವಲ್ಲ, ಬೆಂಗಳೂರು.

1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್. ಊರಿನ ಸುತ್ತ ಕೆರೆ, ತೋಟ, ರಾಗಿ ಹೊಲಗಳಿದ್ದ ಕಡೆ ಒಂದರ ಹಿಂದೊಂದು ಸರ್ಕಾರಿ ಕಾರ್ಖಾನೆ ಎದ್ದವು. ಕೆಲಸಕ್ಕೆ ಜನ ಸುತ್ತಣ ರಾಜ್ಯಗಳಿಂದ ಬಂದರು. 1971ರಲ್ಲಿ ಹದಿನಾರೂವರೆ ಲಕ್ಷವಿದ್ದ ಬೆಂಗಳೂರು 1981ಕ್ಕೆ 29 ಲಕ್ಷ ಮುಟ್ಟಿತು. ಹತ್ತು ವರ್ಷಕ್ಕೆ ಶೇ 76ರಷ್ಟು ಬೆಳವಣಿಗೆ. ದೇಶದ ಬೇರೆ ಯಾವ ಮಹಾನಗರವೂ ಆ ದಶಕದಲ್ಲಿ ಅಷ್ಟು ಉಬ್ಬಲಿಲ್ಲ. ಜಮೀನು ಬಿಟ್ಟುಕೊಟ್ಟ ಹಳ್ಳಿಯ ಹುಡುಗ ಫ್ಯಾಕ್ಟರಿಯ ಗೇಟಿನ ಹೊರಗೆ ಚಹಾದಂಗಡಿ ಇಟ್ಟುಕೊಂಡ, ಗೇಟಿನ ಒಳಗೆ ಹೋಗುವವರು ಬೇರೆ ಭಾಷೆ ಆಡುತ್ತಿದ್ದರು ಎಂಬ ಸಿಟ್ಟು ಕನ್ನಡ ಸಂಘಗಳ ಎಲ್ಲ ಭಾಷಣಗಳಲ್ಲೂ ಇತ್ತು. ಆ ಸಿಟ್ಟು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಆದರೆ ಮತ ಹಾಕುವಷ್ಟು ಗಟ್ಟಿ ಇತ್ತು.

1982ರಲ್ಲಿ, ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದ ಗೋಕಾಕ್ ಚಳವಳಿ. ರಾಜ್‌ಕುಮಾರ್ ಬೀದಿಗೆ ಬಂದರು. 1983ರ ಜನವರಿಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು, ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಕನ್ನಡದ ಅಲೆಯ ಮೇಲೆ ಬಂದ ಸರ್ಕಾರ ಕನ್ನಡಕ್ಕೆ ಏನಾದರೂ ಮಾಡಲೇಬೇಕಿತ್ತು. ಗೋಕಾಕರು ಶಾಲೆಯ ಪ್ರಶ್ನೆಗೆ ಉತ್ತರ ಬರೆದಿದ್ದರು. ಉಳಿದದ್ದು ನೌಕರಿಯ ಪ್ರಶ್ನೆ. ಅದನ್ನು ನೋಡಲು ಅದೇ ವರ್ಷ ನೇಮಿಸಿದ ಸಮಿತಿಗೆ ಮಹಿಷಿ ಅಧ್ಯಕ್ಷೆ. ಸದಸ್ಯರ ಪೈಕಿ ಕವಿ ಗೋಪಾಲಕೃಷ್ಣ ಅಡಿಗರೂ ಇದ್ದರು. ಮಧ್ಯಂತರ ವರದಿಯೊಂದನ್ನು ಕೊಟ್ಟು, ಅಂತಿಮ ವರದಿಯನ್ನು 1986ರ ಡಿಸೆಂಬರ್ ಕೊನೆಗೆ ಸಲ್ಲಿಸಿದರು. ಒಟ್ಟು 58 ಶಿಫಾರಸು.

ಶಿಫಾರಸುಗಳ ತಿರುಳು ಇಷ್ಟು. ರಾಜ್ಯ ಸರ್ಕಾರದ ಉದ್ಯಮಗಳ ಕೆಲಸವೆಲ್ಲ ಕನ್ನಡಿಗರಿಗೆ. ಕರ್ನಾಟಕದಲ್ಲಿರುವ ಕೇಂದ್ರ ಸರ್ಕಾರದ ಕಚೇರಿ, ಕಾರ್ಖಾನೆಗಳಲ್ಲಿ ಸಿ ಮತ್ತು ಡಿ ಗುಂಪಿನ ಹುದ್ದೆ ಪೂರ್ತಿಯಾಗಿ ಕನ್ನಡಿಗರಿಗೆ, ಬಿ ಗುಂಪಿನಲ್ಲಿ ಕನಿಷ್ಠ ಶೇ 80, ಎ ಗುಂಪಿನಲ್ಲಿ ಕನಿಷ್ಠ ಶೇ 65. ಜೊತೆಗೆ ಇನ್ನೊಂದು, ಅಷ್ಟಾಗಿ ಯಾರೂ ಘೋಷಣೆ ಕೂಗದ ಆದರೆ ಬಲು ಜಾಣತನದ ಶಿಫಾರಸು: ನೇಮಕಾತಿ ನೋಡುವ ಸಿಬ್ಬಂದಿ ಅಧಿಕಾರಿ ಕನ್ನಡಿಗನಾಗಿರಬೇಕು. ಫ್ಯಾಕ್ಟರಿಯಲ್ಲಿ ಕೆಲಸ ಗಿಟ್ಟುವುದು ಜಾಹೀರಾತಿನಿಂದಲ್ಲ, ಆ ಕುರ್ಚಿಯಿಂದ ಎಂಬುದನ್ನು ಕಂಡವರು ಬರೆದ ಸಾಲು ಅದು.

ಕನ್ನಡಿಗ ಎಂದರೆ ಯಾರು? ಇಲ್ಲಿ ವಕೀಲೆಯ ಕೈ ಕಾಣುತ್ತದೆ. ಹದಿನೈದು ವರ್ಷ ಕರ್ನಾಟಕದಲ್ಲಿ ನೆಲೆಸಿರಬೇಕು, ಕನ್ನಡ ಓದಲು ಬರೆಯಲು ಬರಬೇಕು. ಹುಟ್ಟಿನ ಮಾತಿಲ್ಲ, ಮನೆಮಾತಿನ ಮಾತಿಲ್ಲ, ಜಾತಿ ಕುಲದ ಮಾತಂತೂ ಇಲ್ಲವೇ ಇಲ್ಲ. ತಮಿಳು ಮನೆಮಾತಿನ ಶಿವಾಜಿನಗರದ ಹುಡುಗನೂ ಕನ್ನಡ ಕಲಿತರೆ ಕನ್ನಡಿಗನೇ. ಬೀದಿಯ ಘೋಷಣೆಗಿಂತ ಈ ವ್ಯಾಖ್ಯೆ ಎಷ್ಟೋ ಉದಾರವಾದದ್ದು. ಉದಾರ ಎಂಬುದಕ್ಕಿಂತ ಹುಷಾರಿನದು ಎನ್ನಬೇಕೇನೋ.

ಏಕೆಂದರೆ ಎದುರಿಗೆ ಸಂವಿಧಾನದ 16ನೇ ವಿಧಿ ಕೂತಿತ್ತು.

ಸರ್ಕಾರಿ ನೌಕರಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಕುಲ, ಹುಟ್ಟಿದ ಸ್ಥಳ, ವಾಸಸ್ಥಳ ಇವುಗಳ ಕಾರಣಕ್ಕೆ ಭೇದ ಮಾಡುವಂತಿಲ್ಲ ಎನ್ನುತ್ತದೆ ಅದರ ಎರಡನೆಯ ಖಂಡ. ಈ ಪಟ್ಟಿಯಲ್ಲಿ ಭಾಷೆ ಇಲ್ಲ. ಹಾಗಾಗಿ ಕನ್ನಡ ಬರಬೇಕು ಎಂಬ ಷರತ್ತು ನಿಲ್ಲುತ್ತದೆ. ರಾಜ್ಯ ಸರ್ಕಾರದ ನೌಕರಿಗೆ ಇವತ್ತೂ ಕನ್ನಡ ಪರೀಕ್ಷೆ ಇರುವುದು ಆ ಬಲದ ಮೇಲೆಯೇ. ಆದರೆ ವಾಸಸ್ಥಳ ಪಟ್ಟಿಯಲ್ಲಿದೆ. ಅದಕ್ಕೊಂದು ಹೊರದಾರಿಯನ್ನು ಮೂರನೆಯ ಖಂಡ ಇಟ್ಟಿದೆ: ಇಂಥ ರಾಜ್ಯದ ಇಂಥ ನೌಕರಿಗೆ ಅಲ್ಲಿಯೇ ವಾಸವಿರಬೇಕು ಎಂದು ಕಾಯಿದೆ ಮಾಡಬಹುದು, ಆದರೆ ಮಾಡಬೇಕಾದ್ದು ಸಂಸತ್ತು. ರಾಜ್ಯದ ವಿಧಾನಸಭೆಗೆ ಆ ಅಧಿಕಾರವಿಲ್ಲ.

ಸಂವಿಧಾನ ಬರೆದವರು ಇದನ್ನು ಸುಮ್ಮನೆ ದೆಹಲಿಯ ಕೈಯಲ್ಲಿ ಇಡಲಿಲ್ಲ. ಪ್ರತಿ ಪ್ರಾಂತವೂ ತನ್ನ ಬಾಗಿಲು ಹಾಕಿಕೊಂಡರೆ ಒಂದು ದೇಶದ ಪೌರತ್ವಕ್ಕೆ ಅರ್ಥವೇನು ಎಂಬ ಅಂಜಿಕೆ ಅವರಿಗಿತ್ತು. ಹಳೆಯ ಅನುಭವವೂ ಇತ್ತು. ಹೈದರಾಬಾದಿನಲ್ಲಿ ಸ್ಥಳೀಯರಿಗೇ ನೌಕರಿ ಎಂಬ ನಿಜಾಮರ ಮುಲ್ಕಿ ನಿಯಮ. ನಮ್ಮ ಮೈಸೂರಿನಲ್ಲಿ ದಿವಾನರಾದ ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಅವರ ಕಾಲದಿಂದಲೂ ಮದರಾಸಿನವರಿಗೆ ದೊಡ್ಡ ಹುದ್ದೆ ಸಿಗುತ್ತದೆ ಎಂಬ ಗೊಣಗಾಟ, ‘ಮೈಸೂರು ಮೈಸೂರಿಗರಿಗೆ’ ಎಂಬ ಕೂಗು. ಆ ಕೂಗು ಕೊನೆಗೆ ಸ್ಥಳೀಯ–ಪರಸ್ಥಳೀಯ ಎಂಬುದನ್ನು ದಾಟಿ ಬ್ರಾಹ್ಮಣ–ಬ್ರಾಹ್ಮಣೇತರ ಪ್ರಶ್ನೆಯಾಗಿ, ಮಿಲ್ಲರ್ ಸಮಿತಿಯಾಗಿ, ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಡುವುದಕ್ಕೂ ಒಂದು ನೆಪವಾಯಿತು. ನೌಕರಿಯ ಜಗಳ ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಮೈಸೂರೇ ಸಾಕ್ಷಿ.

ಸಂಸತ್ತು ಈ ಅಧಿಕಾರವನ್ನು ಬಳಸಿದ್ದು ಒಂದೇ ಸಲ. 1957ರಲ್ಲಿ ಸಾರ್ವಜನಿಕ ನೌಕರಿಯ ವಾಸಸ್ಥಳ ಕಾಯಿದೆ ಎಂದು ಮಾಡಿತು. ತಮಾಷೆಯೆಂದರೆ, ರಾಜ್ಯಗಳಲ್ಲಿ ಅದುವರೆಗೆ ಇದ್ದ ವಾಸದ ಷರತ್ತುಗಳನ್ನೆಲ್ಲ ತೆಗೆದುಹಾಕುವುದೇ ಅದರ ಮುಖ್ಯ ಉದ್ದೇಶ. ತೆಲಂಗಾಣ, ಹಿಮಾಚಲ, ಮಣಿಪುರ, ತ್ರಿಪುರಾಗಳಿಗೆ ಮಾತ್ರ ಕೆಲವು ವರ್ಷದ ವಿನಾಯಿತಿ. ತೆಲಂಗಾಣದ ಭಾಗವನ್ನು 1969ರಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು: ರಾಜ್ಯದಲ್ಲಿ ವಾಸ ಎಂದು ಕೇಳಬಹುದು, ರಾಜ್ಯದ ಒಂದು ತುಂಡಿನಲ್ಲಿ ವಾಸ ಎಂದು ಕೇಳುವಂತಿಲ್ಲ. ಉಳಿದದ್ದು 1974ರ ಮಾರ್ಚಿನಲ್ಲಿ ಅವಧಿ ಮುಗಿದು ಬಿದ್ದುಹೋಯಿತು. ಸುಮಾರು ಅದೇ ಹೊತ್ತಿಗೆ ಮಹಿಷಿ ಕಾನೂನು ಖಾತೆಗೆ ಬಂದರು.

ಅಂದರೆ, ಬೀಗದಕೈ ಇದ್ದ ಮನೆಯಲ್ಲೇ ಆಕೆ ಹದಿನೆಂಟು ವರ್ಷ ಇದ್ದರು. ಅದರಲ್ಲಿ ಒಂದಷ್ಟು ಕಾಲ ಬೀಗದಕೈ ನೇತುಹಾಕುವ ಗೂಟದ ಪಕ್ಕದಲ್ಲೇ ಕೂತಿದ್ದರು. ಹೊರಬಿದ್ದ ಮೇಲೆ, ಬೀಗದಕೈ ಇಲ್ಲದ ಸರ್ಕಾರಕ್ಕೆ ಬಾಗಿಲು ತೆರೆಯಿರೆಂದು 58 ಸಾಲಿನ ಅರ್ಜಿ ಬರೆದರು.

ಇದನ್ನು ಬರಿಯ ವ್ಯಂಗ್ಯವಾಗಿ ಓದಿ ಮುಂದೆ ಹೋಗುವುದು ಸುಲಭ. ಆದರೆ ಅರವತ್ತರ, ಎಪ್ಪತ್ತರ ದಶಕದ ಕನ್ನಡದ ಸಂಸದರ ಕಷ್ಟವೂ ಇಲ್ಲಿದೆ. 1966ರ ಜೂನಿನಲ್ಲಿ ಮುಂಬೈಯಲ್ಲಿ ಶಿವಸೇನೆ ಹುಟ್ಟಿತು. ಮಣ್ಣಿನ ಮಕ್ಕಳಿಗೇ ನೌಕರಿ ಎಂಬ ಕೂಗಿನ ಮೊದಲ ಏಟು ಬಿದ್ದದ್ದು ದಕ್ಷಿಣದವರ ಮೇಲೆ. ಆಫೀಸಿನ ತಮಿಳು ಗುಮಾಸ್ತರ ಜೊತೆಗೆ ನಮ್ಮ ಉಡುಪಿ ಹೋಟೆಲಿನವರೂ ಹೆದರಿ ಬಾಗಿಲೆಳೆದ ದಿನಗಳವು. ಆ ಹೊತ್ತಿನಲ್ಲಿ ಕನ್ನಡದ ಸಂಸದೆಯೊಬ್ಬಳು ಸದನದಲ್ಲಿ ಎದ್ದು, ವಾಸ ನೋಡಿ ನೌಕರಿ ಕೊಡುವ ಕಾಯಿದೆ ತನ್ನಿ ಎಂದಿದ್ದರೆ ಆ ಕಾಯಿದೆ ಮೊದಲು ಕಚ್ಚುತ್ತಿದ್ದುದು ಮಾಟುಂಗಾದ, ಫೋರ್ಟಿನ ಕನ್ನಡಿಗರನ್ನೇ. ಅದೂ ಧಾರವಾಡದಂಥ ಊರಿನಿಂದ, ಮುಂಬೈ ಜೊತೆ ನೂರು ವರ್ಷದ ಕೊಡುಕೊಳ್ಳುವಿಕೆ ಇದ್ದ ಸೀಮೆಯಿಂದ ಹೋದವರು ಹಾಗೆ ಕೇಳುವುದು ಹೇಗೆ? ಮಹಾಜನ ಆಯೋಗ ಮಹಾರಾಷ್ಟ್ರದ ಜೊತೆಗಿನ ಗಡಿಯ ಬಗ್ಗೆ ವಿಚಾರಣೆ ನಡೆಸುತ್ತಿದ್ದ ಕಾಲ ಬೇರೆ. ಬೆಂಗಳೂರಿನ ಕನ್ನಡಿಗನಿಗೆ ಬೇಕಾದದ್ದು ಮುಂಬೈಯ ಕನ್ನಡಿಗನಿಗೆ ಬೇಡವಾದದ್ದು. ಈ ಬಿಕ್ಕಟ್ಟು ವರದಿಯ ಪುಟಗಳಲ್ಲಿ ಬಗೆಹರಿದಿಲ್ಲ, ಬಗೆಹರಿಯುವಂಥದ್ದೂ ಅಲ್ಲ.

ಸಮಿತಿ ಕೆಲಸ ಮಾಡುತ್ತಿದ್ದಾಗಲೇ ಇನ್ನೊಂದು ಏಟು ಬಿತ್ತು. 1984ರ ಜೂನ್ 22ರಂದು ಪ್ರದೀಪ್ ಜೈನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ತೀರ್ಪು ಕೊಟ್ಟಿತು. ವಿಷಯ ವೈದ್ಯಕೀಯ ಕಾಲೇಜಿನ ಸೀಟು. ಆದರೆ ಹಾದಿಯಲ್ಲಿ ನ್ಯಾಯಮೂರ್ತಿಗಳು ನೌಕರಿಯ ಕಡೆಗೂ ತಿರುಗಿ, ಮಣ್ಣಿನ ಮಕ್ಕಳ ವಾದ ಸಂವಿಧಾನಕ್ಕೆ ಒಪ್ಪುವುದು ಕಷ್ಟ ಎಂಬ ಅರ್ಥದ ಮಾತಾಡಿದರು. ಕಾನೂನು ಖಾತೆಯಿಂದ ಬಂದ ವಕೀಲೆಗೆ ಅದರ ಇಂಗಿತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ವರದಿ ಮುಂದುವರಿಯಿತು, ಶೇಕಡಾವಾರುಗಳು ಹಾಗೆಯೇ ಉಳಿದವು. ಕೋರ್ಟಿಗೆ ಹಾಕುವ ಕೈಫಿಯತ್ತು ಒಂದು ಥರ, ಸರ್ಕಾರದ ಮೇಲೆ ಒತ್ತಡ ಹಾಕಲು ಬರೆಯುವ ಕಾಗದ ಇನ್ನೊಂದು ಥರ. ಮಹಿಷಿ ಬರೆದದ್ದು ಎರಡನೆಯದನ್ನು ಎಂದು ತಿಳಿದರೆ ಆ ಕಡತ ಹೆಚ್ಚು ಅರ್ಥವಾಗುತ್ತದೆ. ಕೇಂದ್ರದ ಕಾರ್ಖಾನೆಗಳಲ್ಲಿ ಕೆಳಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರದ ಮೂಲಕ ತುಂಬುವ ರೂಢಿ ಆಗ ಇತ್ತು. ಕಾಯಿದೆ ಇಲ್ಲದೆಯೂ ರಾಜ್ಯ ಸರ್ಕಾರ ಬೆನ್ನು ಬಿದ್ದರೆ ಆ ಸಂದಿನಲ್ಲಿ ಸ್ಥಳೀಯರಿಗೆ ಒಂದಷ್ಟು ಜಾಗ ಸಿಗುತ್ತಿತ್ತು.

ಸರ್ಕಾರ 58ರಲ್ಲಿ 45 ಶಿಫಾರಸನ್ನು ಒಪ್ಪಿತು ಎಂದಾಯಿತು. ಕೇಂದ್ರದ ಕೈಯಲ್ಲಿದ್ದವು ಮಾತ್ರ ಅಲ್ಲೇ ನಿಂತವು. ಗೇಟುಗಳಿಗೆ ಸಂಬಂಧಿಸಿದ ಮುಖ್ಯ ಶಿಫಾರಸುಗಳು ಅವೇ.

ಅಷ್ಟರಲ್ಲಿ ಗೇಟುಗಳೇ ಬದಲಾದವು. ಸಮಿತಿ ನೇಮಕವಾದ 1983ರಲ್ಲಿಯೇ ಇನ್ಫೋಸಿಸ್ ಎಂಬ ಎರಡು ವರ್ಷದ ಪುಟ್ಟ ಕಂಪನಿ ಪುಣೆಯಿಂದ ಬೆಂಗಳೂರಿಗೆ ಗಂಟುಮೂಟೆ ಕಟ್ಟಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ವರದಿ ಬರೆಯುತ್ತಿದ್ದ ಕೋಣೆಯಲ್ಲಿ ಯಾರಿಗೂ ಇವು ಕಂಡಿರಲಾರವು. ಆಗಿನ ಮಟ್ಟಿಗೆ ಬೆಂಗಳೂರೆಂದರೆ ಸೈರನ್ ಕೂಗಿದಾಗ ಸಮವಸ್ತ್ರದವರು ಬಸ್ಸು ಹತ್ತುವ ಊರು. 1991ರ ನಂತರ ಸರ್ಕಾರಿ ಕಾರ್ಖಾನೆಗಳು ಹೊಸಬರನ್ನು ತೆಗೆದುಕೊಳ್ಳುವುದಿರಲಿ, ಇದ್ದವರನ್ನು ಸ್ವಯಂ ನಿವೃತ್ತಿ ಕೊಟ್ಟು ಮನೆಗೆ ಕಳಿಸತೊಡಗಿದವು. ಸಿ, ಡಿ ಗುಂಪಿನ ಕೆಲಸ ಗುತ್ತಿಗೆದಾರರ ಪಾಲಾಯಿತು. ಒಂದು ಕಾಲಕ್ಕೆ ಮದುವೆಯಲ್ಲಿ ಅಳಿಯನಿಗೆ ಕೊಡುತ್ತಿದ್ದ ವಾಚು ತಯಾರಿಸಿದ ಎಚ್‌ಎಂಟಿಯ ಗಡಿಯಾರ ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಶೇ 100ರ ಮೀಸಲು ಯಾವ ಹುದ್ದೆಗೆ ಕೇಳಿದ್ದರೋ ಆ ಹುದ್ದೆಯೇ ಇಲ್ಲವಾಯಿತು.

ಹಾಗೆಂದು ವಾಸ ನೋಡಿ ನೌಕರಿ ಕೊಡುವುದು ಎಲ್ಲಿಯೂ ಆಗಲೇ ಇಲ್ಲವೆಂದಲ್ಲ. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ 98ನೇ ತಿದ್ದುಪಡಿಯಿಂದ 371ಜೆ ವಿಧಿ ಸಿಕ್ಕಿತು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ್ದು. ಅಲ್ಲಿ ಸ್ಥಳೀಯರಿಗೆ ನೌಕರಿಯಲ್ಲೂ ಓದಿನಲ್ಲೂ ಮೀಸಲು ಇದೆ, ಕೋರ್ಟಿನಲ್ಲಿ ನಿಂತೂ ಇದೆ. ದೆಹಲಿಯ ಬೀಗದಕೈ ತಂದು ತೆರೆದ ಬಾಗಿಲು ಅದು. ಹಳೆಯ ನಿಜಾಮನ ಮುಲ್ಕಿ ಸೀಮೆಗೇ ಅದು ಸಿಕ್ಕಿದ್ದು ಚರಿತ್ರೆಯ ಒಂದು ಚಮತ್ಕಾರ.

ಮಹಿಷಿ ಆ ಹೊತ್ತಿಗೆ ರಾಜಕಾರಣದಿಂದ ದೂರವಾಗಿ ದೆಹಲಿಯ ಕಡೆಯೇ ನೆಲೆಸಿದ್ದರು. ಕನ್ನಡದ ಹೋರಾಟಗಾರರು ಹೆಚ್ಚು ಹೇಳದ ಒಂದು ಸಂಗತಿ ಇದೆ: ಆಕೆ ಹಿಂದಿಗಾಗಿಯೂ ಬಹಳ ದುಡಿದರು. ಸಂಸದೀಯ ಹಿಂದಿ ಪರಿಷತ್ತಿನಲ್ಲಿ ಸಕ್ರಿಯರಾಗಿದ್ದರು, ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ವನ್ನು ಹಿಂದಿಗೆ ತಂದರು. ಇದರಲ್ಲಿ ಅವರಿಗೆ ಯಾವ ವಿರೋಧವೂ ಕಂಡ ಹಾಗಿಲ್ಲ. ಸಾಂಗ್ಲಿಯಲ್ಲಿ ಮರಾಠಿಯ ನಡುವೆ ಓದಿ, ಸಂಸ್ಕೃತದಲ್ಲಿ ಪದವಿ ಪಡೆದು, ಕನ್ನಡದ ಹೆಣ್ಣುಮಕ್ಕಳ ಕಾವ್ಯ ಹುಡುಕಿದವರಿಗೆ ಭಾಷೆ ಬೇಲಿಯಾಗಿ ಕಾಣದಿದ್ದುದು ಸಹಜ. 2015ರ ಜನವರಿ 25ರಂದು ಅವರು ತೀರಿಕೊಂಡಾಗ ಜನರ ನೆನಪಿನಲ್ಲಿ ನಾಲ್ಕು ಸಲದ ಸಂಸದೆ ಇರಲಿಲ್ಲ, ಕಾನೂನು ಖಾತೆಯ ಸಚಿವೆ ಇರಲಿಲ್ಲ. ವರದಿ ಇತ್ತು.

ವರದಿ ಆಮೇಲೂ ಸುಮ್ಮನಿರಲಿಲ್ಲ. 2017ರಲ್ಲಿ ಎಸ್.ಜಿ. ಸಿದ್ಧರಾಮಯ್ಯ ಅಧ್ಯಕ್ಷರಾಗಿದ್ದ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಅದನ್ನು ಪರಿಷ್ಕರಿಸಿ, ಖಾಸಗಿ ವಲಯವನ್ನೂ ಸೇರಿಸಿ ಸರ್ಕಾರಕ್ಕೆ ಕೊಟ್ಟಿತು. ಖಾಸಗಿಗೆ 16ನೇ ವಿಧಿ ನೇರವಾಗಿ ತಾಗುವುದಿಲ್ಲ, ಆದರೆ ಬೇರೆ ವಿಧಿಗಳು ಕಾದಿರುತ್ತವೆ. ಖಾಸಗಿ ನೌಕರಿಯಲ್ಲಿ ಶೇ 75 ಸ್ಥಳೀಯರಿಗೆ ಎಂದಿದ್ದ ಹರಿಯಾಣದ ಕಾಯಿದೆಯನ್ನು ಅಲ್ಲಿನ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದು ಮಾಡಿತು.

ಅಷ್ಟಾದರೂ 2024ರ ಜುಲೈ 15ರಂದು ಕರ್ನಾಟಕದ ಸಚಿವ ಸಂಪುಟ ತನ್ನದೇ ಮಸೂದೆಗೆ ಒಪ್ಪಿಗೆ ಕೊಟ್ಟಿತು: ಉದ್ಯಮಗಳ ಆಡಳಿತ ಹುದ್ದೆಯಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ. ಐಟಿ ಕಂಪನಿಗಳು ಬೊಬ್ಬೆ ಹಾಕಿದವು. ಎರಡು ದಿನಕ್ಕೆ, 17ರಂದು, ಮಸೂದೆ ತಡೆಹಿಡಿಯಲಾಗಿದೆ ಎಂದು ಸರ್ಕಾರ ಹೇಳಿತು. ಆ ಕರಡಿನಲ್ಲಿ ಸ್ಥಳೀಯ ಎಂದರೆ ಯಾರು ಎಂದು ಬಿಡಿಸಿ ಹೇಳುವ ಒಂದು ಕಲಮಿತ್ತು. ಹದಿನೈದು ವರ್ಷದ ವಾಸ, ಕನ್ನಡದ ಓದು ಬರಹ. ಎರಡೂ ಮಹಿಷಿ ವರದಿಯ ಹಳೆಯ ಮಾತುಗಳು, ಹೆಚ್ಚು ಕಡಿಮೆ ಹಾಗೆಯೇ ಇಳಿದುಬಂದವು. ಜೊತೆಗೆ ಮೂರನೆಯದೊಂದನ್ನು ಹೊಸದಾಗಿ ಸೇರಿಸಿದ್ದರು: ಕರ್ನಾಟಕದಲ್ಲಿ ಹುಟ್ಟಿರಬೇಕು. ಧಾರವಾಡದ ವಕೀಲೆ ಅದನ್ನು ಕೇಳಿರಲಿಲ್ಲ.